ಕ್ಯಾಲ್ಕುಲಸ್ ಪಾಠ ಮಾಡುವುದು ಹೇಗೆ: ಪಿಯು ಮತ್ತು ಪದವಿ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯು ಉಪನ್ಯಾಸಕರು, ಪದವಿ ಕಾಲೇಜಿಗೆ ಹೊಸದಾಗಿ ಸೇರಿದವರು, ಮನೆಯಲ್ಲಿ ಟ್ಯೂಷನ್ ಹೇಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಉತ್ತರಗಳೆಲ್ಲ ಒಂದೇ ನಿಲುವಿನ ಮೇಲೆ ನಿಂತಿವೆ: ಮೊದಲು ಅಂಕಿ, ಆಮೇಲೆ ಗ್ರಾಫ್, ಕೊನೆಗೆ ಸೂತ್ರ. ಈ ಕ್ರಮ ತಲೆಕೆಳಗಾದ ಕ್ಲಾಸಿನಲ್ಲಿ ಮಕ್ಕಳು ಅಂಕ ತೆಗೆಯಬಹುದು, ಕ್ಯಾಲ್ಕುಲಸ್ ಮಾತ್ರ ಕಲಿತಿರುವುದಿಲ್ಲ.

ಮಕ್ಕಳು ಡಿಫರೆನ್ಷಿಯೇಷನ್ ಲೆಕ್ಕವನ್ನು ಪಟಪಟನೆ ಮಾಡುತ್ತಾರೆ. ಅದರ ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ. ಎಲ್ಲಿ ತಪ್ಪುತ್ತಿದೆ?

ಅರ್ಥ ಕೇಳುವ ಪ್ರಶ್ನೆಯನ್ನು ನಾವು ಅವರಿಗೆ ಕೊಟ್ಟೇ ಇರುವುದಿಲ್ಲ. ದ್ವಿತೀಯ ಪಿಯುಸಿಯ ಯಾವುದೇ ಕ್ಲಾಸಿನಲ್ಲಿ ಈ ಪ್ರಶ್ನೆ ಹಾಕಿ ನೋಡಿ: ಟ್ಯಾಂಕಿನಲ್ಲಿರುವ ನೀರಿನ ಪ್ರಮಾಣ ಲೀಟರ್‌ನಲ್ಲಿ, ಕಾಲ ನಿಮಿಷದಲ್ಲಿ. ಹತ್ತನೇ ನಿಮಿಷದಲ್ಲಿ ನೀರಿನ ಡೆರಿವೇಟಿವ್ −12. ಹಾಗೆಂದರೇನು?

ಸಾಮಾನ್ಯವಾಗಿ ಮೂರು ಬಗೆಯ ತಪ್ಪು ಉತ್ತರ ಬರುತ್ತವೆ. 'ಟ್ಯಾಂಕಿನಲ್ಲಿ 12 ಲೀಟರ್ ಉಳಿದಿದೆ' ಎನ್ನುವವರು ಫಂಕ್ಷನ್‌ನ ಬೆಲೆಯನ್ನೂ ಅದು ಬದಲಾಗುವ ದರವನ್ನೂ ಒಂದೇ ಎಂದುಕೊಂಡಿದ್ದಾರೆ. 'ಹತ್ತು ನಿಮಿಷದಲ್ಲಿ 12 ಲೀಟರ್ ಹೋಯಿತು' ಎನ್ನುವವರು ದರವನ್ನು ಒಟ್ಟು ಬದಲಾವಣೆ ಎಂದು ಓದಿದ್ದಾರೆ. 'ನೀರು ಮೈನಸ್ ಆಗುವುದಿಲ್ಲ, ಲೆಕ್ಕವೇ ತಪ್ಪು' ಎನ್ನುವವರಿಗೆ ಚಿಹ್ನೆಯ ಅರ್ಥ ತಲುಪಿಲ್ಲ. ಸರಿ ಉತ್ತರ: ಆ ಕ್ಷಣದಲ್ಲಿ ನೀರು ನಿಮಿಷಕ್ಕೆ 12 ಲೀಟರ್ ದರದಲ್ಲಿ ಕಡಿಮೆಯಾಗುತ್ತಿದೆ. ಯಾರು ಯಾವ ಉತ್ತರ ಕೊಟ್ಟರು ಎಂದು ಗುರುತು ಹಾಕಿಕೊಳ್ಳಿ, ಮೂವರಿಗೂ ಬೇಕಾದ ಮದ್ದು ಬೇರೆ ಬೇರೆ.

ಈ ಗೊಂದಲ ತಡೆಯಲು ಸುಲಭದ ಅಭ್ಯಾಸವೊಂದಿದೆ. ಡೆರಿವೇಟಿವ್ ಬರೆದಾಗಲೆಲ್ಲ ಪಕ್ಕದಲ್ಲಿ ಯೂನಿಟ್ ಬರೆಸಿ. ಲೀಟರ್ ಪ್ರತಿ ನಿಮಿಷ, ಮೀಟರ್ ಪ್ರತಿ ಸೆಕೆಂಡ್, ರೂಪಾಯಿ ಪ್ರತಿ ಕಿಲೋ. ಯೂನಿಟ್ ಬರೆಯುವ ಕೈ ದರವನ್ನು ಮೊತ್ತ ಎಂದು ಬರೆಯುವುದು ಕಷ್ಟ.

ಲಿಮಿಟ್‌ನಿಂದಲೇ ಶುರು ಮಾಡಬೇಕೇ? ಪುಸ್ತಕದಲ್ಲಿ ಅದೇ ಮೊದಲಲ್ಲವೇ?

ಅಲ್ಲ. ಕರ್ನಾಟಕದ ಪಿಯು ಗಣಿತ ಅನುಸರಿಸುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಪ್ರಥಮ ಪಿಯುಸಿಯ 'ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್' ಅಧ್ಯಾಯ ಶುರುವಾಗುವುದೇ ಬಂಡೆಯ ಮೇಲಿಂದ ಬೀಳುವ ವಸ್ತುವಿನ ವೇಗದ ಕೋಷ್ಟಕದಿಂದ. ಲಿಮಿಟ್, ಅಂದರೆ ಬೆಲೆ ಯಾವ ಸಂಖ್ಯೆಯತ್ತ ಹೋಗುತ್ತದೆ ಎಂಬುದು, ಬರುವುದು ಅದರ ನಂತರ. ಬಹಳಷ್ಟು ಕ್ಲಾಸುಗಳಲ್ಲಿ 'ಇದು ಪರೀಕ್ಷೆಗೆ ಬರಲ್ಲ' ಎಂದು ಆ ಪುಟಗಳನ್ನು ಹಾರಿಸಿ ನೇರವಾಗಿ ಲಿಮಿಟ್‌ನ ಸೂತ್ರಗಳಿಗೆ ಹೋಗುತ್ತಾರೆ. ಇಡೀ ಅಧ್ಯಾಯದಲ್ಲಿ ಬಿಡಬಾರದ ಪುಟಗಳು ಅವೇ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಲೈಬ್ನಿಟ್ಸ್ ತನ್ನ ಡಿಫರೆನ್ಷಿಯಲ್ ಕ್ಯಾಲ್ಕುಲಸ್ ಪ್ರಕಟಿಸಿದ್ದು 1684ರಲ್ಲಿ. ಕೌಶಿ ಲಿಮಿಟ್‌ನ ಮೇಲೆ ಅದಕ್ಕೆ ಗಟ್ಟಿ ಅಡಿಪಾಯ ಹಾಕಲು ಹೊರಟದ್ದು 1821ರಲ್ಲಿ. ನಡುವಿನ ಸುಮಾರು 140 ವರ್ಷ ಗಣಿತಜ್ಞರು ಲಿಮಿಟ್‌ನ ನಿಖರ ವ್ಯಾಖ್ಯೆ ಇಲ್ಲದೆಯೇ ಗ್ರಹಗಳ ಚಲನೆಯನ್ನೂ ತಂತಿಯ ಕಂಪನವನ್ನೂ ಲೆಕ್ಕ ಹಾಕಿದರು. ಲಿಮಿಟ್ ಎನ್ನುವುದು ಒಂದು ತೊಂದರೆಗೆ ಸಿಕ್ಕ ಪರಿಹಾರ. ತೊಂದರೆಯನ್ನೇ ತೋರಿಸದೆ ಪರಿಹಾರ ಕೊಟ್ಟರೆ ಹದಿನಾರು ವರ್ಷದ ಹುಡುಗಿಗೆ ಅದು ಏಕೆ ಬೇಕು ಎಂದು ಹೊಳೆಯುವುದಾದರೂ ಹೇಗೆ?

ಹಾಗಾದರೆ ಮೊದಲ ಎರಡು ಪೀರಿಯಡ್‌ಗಳಲ್ಲಿ ನಿಖರವಾಗಿ ಏನು ಮಾಡಬೇಕು?

ಬೋರ್ಡಿನ ಮೇಲೆ ಒಂದೇ ಸಾಲು ಬರೆಯಿರಿ: ಬೀಳುವ ಕಲ್ಲು ಟಿ ಸೆಕೆಂಡ್‌ನಲ್ಲಿ ಕ್ರಮಿಸುವ ದೂರ 4.9 × ಟಿ² ಮೀಟರ್. ಪುಸ್ತಕದಲ್ಲಿ ಎರಡನೇ ಸೆಕೆಂಡ್‌ನ ವೇಗ ಕೇಳಿದೆ, ನೀವು ಮೂರನೆಯದನ್ನು ಕೇಳಿ. ಆಗ ಯಾರೂ ಪುಸ್ತಕದಿಂದ ಇಳಿಸಿಕೊಳ್ಳುವುದಿಲ್ಲ.

ಮೊದಲು 3ರಿಂದ 4ನೇ ಸೆಕೆಂಡ್‌ವರೆಗಿನ ಸರಾಸರಿ ವೇಗ: 34.3. ಇದು ಸರಾಸರಿ ಮಾತ್ರ, ಮೂರನೇ ಸೆಕೆಂಡ್‌ನ ವೇಗವಲ್ಲ ಎಂದು ಮಕ್ಕಳೇ ಹೇಳುತ್ತಾರೆ. ಈಗ ಬೆಂಚುಗಳಿಗೆ ಕೆಲಸ ಹಂಚಿ. ಮೊದಲ ಸಾಲಿಗೆ 3ರಿಂದ 3.1, ಎರಡನೇ ಸಾಲಿಗೆ 3ರಿಂದ 3.01, ಮೂರನೆಯದಕ್ಕೆ 3ರಿಂದ 3.001, ಹಿಂದಿನ ಸಾಲುಗಳಿಗೆ 2.9ರಿಂದ 3 ಮತ್ತು 2.99ರಿಂದ 3. ಉತ್ತರಗಳು ಕ್ರಮವಾಗಿ 29.89, 29.449, 29.4049, 28.91, 29.351. ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಬರೆದಾಗ ಒಂದು ಕಡೆಯಿಂದ ಇಳಿಯುತ್ತಾ, ಇನ್ನೊಂದು ಕಡೆಯಿಂದ ಏರುತ್ತಾ ಬರುವ ಸಂಖ್ಯೆ 29.4 ಎಂದು ಕ್ಲಾಸೇ ಕೂಗುತ್ತದೆ. ಕೂಗುವ ತನಕ ನೀವು ಹೇಳಬೇಡಿ.

ಎರಡನೇ ಪೀರಿಯಡ್‌ನಲ್ಲಿ 0.1, 0.01ರ ಜಾಗದಲ್ಲಿ 'ಎಚ್' ಇಡಿ. ಸರಾಸರಿ ವೇಗ 29.4 + 4.9 ಎಚ್ ಎಂದು ಬರುತ್ತದೆ. ನಿನ್ನೆಯ ಕೋಷ್ಟಕದ ಒಂದೊಂದು ಸಂಖ್ಯೆಯನ್ನೂ ಈ ಒಂದು ಸಾಲಿನಿಂದ ತೆಗೆದು ತೋರಿಸಿ. ಎಚ್ 0.1 ಇದ್ದರೆ 29.89, −0.1 ಇದ್ದರೆ 28.91. ಇಲ್ಲಿ ಎರಡು ಮಾತು ಬಿಡದೆ ಹೇಳಿ. ಒಂದು, ಭಾಗಿಸುವಾಗ ಎಚ್ ಸೊನ್ನೆಯಾಗಿರಲಿಲ್ಲ, ಆದ್ದರಿಂದಲೇ ಅದನ್ನು ಹೊಡೆದುಹಾಕಲು ಸಾಧ್ಯವಾಯಿತು. ಎರಡು, ಹೊಡೆದುಹಾಕಿದ ಮೇಲೆ ಉಳಿದ ಸಾಲು ಎಚ್ ಸೊನ್ನೆಯ ಹತ್ತಿರ ಹೋದಂತೆ ಎತ್ತ ಹೋಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ. 'ಕೊನೆಯಲ್ಲಿ ಎಚ್ ಸೊನ್ನೆ ಹಾಕಿ' ಎಂದು ಅವಸರದಲ್ಲಿ ಹೇಳಿಬಿಟ್ಟರೆ, ಮೊದಲೇ ಸೊನ್ನೆ ಹಾಕಿ 0/0 ಬರೆಯುವವರು ವರ್ಷವಿಡೀ ನಿಮ್ಮನ್ನು ಕಾಡುತ್ತಾರೆ.

ಬೀಜಗಣಿತವೇ ಬರದವರಿಗೆ ಕ್ಯಾಲ್ಕುಲಸ್ ಹೇಗೆ ಹೇಳುವುದು?

ನಿಜ ಹೇಳಬೇಕೆಂದರೆ ಕ್ಯಾಲ್ಕುಲಸ್‌ನಲ್ಲಿ ಬಿದ್ದರು ಎನ್ನಿಸಿಕೊಳ್ಳುವವರಲ್ಲಿ ಹೆಚ್ಚಿನವರು ಬಿದ್ದಿರುವುದು ಬೀಜಗಣಿತದಲ್ಲಿ. ಅಧ್ಯಾಯ ಶುರುಮಾಡುವ ಹಿಂದಿನ ದಿನ ಇಪ್ಪತ್ತು ನಿಮಿಷದ ಪರೀಕ್ಷೆ ಇಡಿ, ಅಂಕ ಬೇಡ. ಅದರಲ್ಲಿ ಇವು ಇರಲಿ: (ಎಕ್ಸ್ + ಎಚ್)² ಬಿಡಿಸುವುದು, 1/(ಎಕ್ಸ್ + ಎಚ್) ನಿಂದ 1/ಎಕ್ಸ್ ಕಳೆಯುವುದು, ಫಂಕ್ಷನ್ 3ಎಕ್ಸ್² − ಎಕ್ಸ್ ಆದಾಗ ಎಕ್ಸ್ ಜಾಗದಲ್ಲಿ ಎಕ್ಸ್ + ಎಚ್ ಹಾಕುವುದು, 1/√ಎಕ್ಸ್ ಅನ್ನು ಘಾತವಾಗಿ ಬರೆಯುವುದು, √(4 + ಎಚ್) − 2 ಅನ್ನು ರ್ಯಾಷನಲೈಸ್ ಮಾಡುವುದು, (1, 2) ಮತ್ತು (4, 11) ಬಿಂದುಗಳ ನಡುವಿನ ಗೆರೆಯ ಸ್ಲೋಪ್, ಎಕ್ಸ್ −5 ಆದಾಗ ಅದರ ಮಾಡ್ಯುಲಸ್.

ಮೂರನೆಯ ಪ್ರಶ್ನೆಯನ್ನು ವಿಶೇಷವಾಗಿ ಗಮನಿಸಿ. 3ಎಕ್ಸ್² − ಎಕ್ಸ್ + ಎಚ್ ಎಂದು ಬರೆದವರು ಸೂತ್ರದ ಬಾಲಕ್ಕೆ ಎಚ್ ಅಂಟಿಸಿದ್ದಾರೆ. ಅಂದರೆ ಫಂಕ್ಷನ್ ಎಂದರೆ ಒಳಗೆ ಏನು ಹಾಕಿದರೂ ಒಂದೇ ನಿಯಮದಂತೆ ಹೊರಗೆ ಕೊಡುವ ವ್ಯವಸ್ಥೆ ಎಂಬುದು ಅವರಿಗೆ ಗೊತ್ತಿಲ್ಲ. ಮೊದಲ ತತ್ವದಿಂದ (ಎಚ್ ಇಟ್ಟು ಲಿಮಿಟ್ ತೆಗೆದು) ಮಾಡುವ ಒಂದು ಲೆಕ್ಕವೂ ಅವರ ಕೈಗೆ ಹತ್ತುವುದಿಲ್ಲ. ಅಂಥವರಿಗೆ ಎಕ್ಸ್ ಬದಲು ಖಾಲಿ ಚೌಕ ಬರೆದು, ಎರಡೂ ಚೌಕಗಳಲ್ಲಿ ಮೊದಲು 2, ಆಮೇಲೆ −1, ಆಮೇಲೆ ಎಕ್ಸ್ + ಎಚ್ ತುಂಬಿಸಿ. ಆವರಣ ಹಾಕಿಯೇ ತುಂಬಬೇಕು. ಒಂದು ಪೀರಿಯಡ್ ಇದಕ್ಕೆ ಹೋದರೆ ಹೋಗಲಿ. ಪೋರ್ಷನ್ ಹಿಂದೆ ಬೀಳುತ್ತದೆ ಎಂಬ ಭಯ ಬೇಡ, ಮುಂದೆ ಅದು ಹತ್ತು ಪೀರಿಯಡ್ ಉಳಿಸುತ್ತದೆ.

ಫಂಕ್ಷನ್‌ನೊಳಗೆ ಫಂಕ್ಷನ್ ಇದ್ದಾಗ ಬಳಸುವ ಚೈನ್ ರೂಲ್‌ನಲ್ಲಿ ಎಲ್ಲರೂ ಎಡವುತ್ತಾರೆ. ಸುಲಭ ಮಾಡುವುದು ಹೇಗೆ?

ಈರುಳ್ಳಿ ಸುಲಿದಂತೆ ಹೊರಗಿನಿಂದ ಒಳಕ್ಕೆ ಹೋಗಬೇಕು ಎಂದು ಎಲ್ಲರೂ ಹೇಳುತ್ತೇವೆ. ಹೇಳಿದರೆ ಸಾಲದು, ಲೆಕ್ಕ ಮಾಡುವ ಮೊದಲು ಪದರಗಳನ್ನು ಗುರುತಿಸುವ ಅಭ್ಯಾಸ ಬೇರೆಯಾಗಿಯೇ ಬೇಕು. ಒಂದು ಇಡೀ ಪೀರಿಯಡ್ ಡೆರಿವೇಟಿವ್ ತೆಗೆಯದೆ, ಬರೀ 'ಹೊರಗೆ ಯಾವುದು, ಒಳಗೆ ಯಾವುದು' ಎಂದು ಬರೆಸಿ. ಸೈನ್ ಸ್ಕ್ವೇರ್ ಎಕ್ಸ್‌ನಲ್ಲಿ ಹೊರಗೆ ವರ್ಗ, ಒಳಗೆ ಸೈನ್. ಸೈನ್ ಆಫ್ ಎಕ್ಸ್ ಸ್ಕ್ವೇರ್‌ನಲ್ಲಿ ಹೊರಗೆ ಸೈನ್, ಒಳಗೆ ವರ್ಗ. ಈ ಎರಡನ್ನು ಅಕ್ಕಪಕ್ಕ ಬರೆಯದಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಯಾವ ಬಟನ್ ಕೊನೆಯಲ್ಲಿ ಒತ್ತುತ್ತೀರಿ ಎಂದು ಕೇಳಿ. ಕೊನೆಯಲ್ಲಿ ಒತ್ತುವುದೇ ಹೊರಗಿನ ಪದರ.

ಒಳಗಿನ ಡೆರಿವೇಟಿವ್‌ನಿಂದ ಗುಣಿಸುವುದು ಏಕೆ ಎಂಬುದಕ್ಕೆ ಅಂಕಿಗಳ ಸಾಕ್ಷಿ ಕೊಡಿ. (3ಎಕ್ಸ್ + 1)² ತೆಗೆದುಕೊಳ್ಳಿ. ಎಕ್ಸ್ 1 ಇದ್ದಾಗ ಬೆಲೆ 16. ಎಕ್ಸ್ 1.01 ಆದರೆ ಒಳಗಿನದು 4.03, ಬೆಲೆ 16.2409. ಏರಿಕೆ 0.2409, ಅದನ್ನು 0.01ರಿಂದ ಭಾಗಿಸಿದರೆ 24.09. ಒಳಗಿನ 3 ಮರೆತವರಿಗೆ 8 ಬಂದಿರುತ್ತದೆ, ಗುಣಿಸಿದವರಿಗೆ 24. ಎಕ್ಸ್ ಒಂದು ಹೆಜ್ಜೆ ಇಟ್ಟಾಗ ಒಳಗಿನದು ಮೂರು ಹೆಜ್ಜೆ ಇಟ್ಟಿದೆ, 8ರ ಮೂರು ಪಟ್ಟು 24. ತಪ್ಪು ಉತ್ತರವನ್ನು ಅಂಕಿಯೇ ತಳ್ಳಿಹಾಕುವುದನ್ನು ಒಮ್ಮೆ ಕಂಡವರು ಆ ಮೂರನ್ನು ಮರೆಯುವುದು ಅಪರೂಪ.

ಎಕ್ಸ್‌ನ ಘಾತವೂ ಎಕ್ಸ್ ಆದಾಗ ಘಾತದ ಸೂತ್ರ ಹಚ್ಚುವ ತಪ್ಪು ಬೇರೆ ಜಾತಿಯದು. ಘಾತ ಸ್ಥಿರವಾಗಿದ್ದರೆ ಒಂದು ಸೂತ್ರ, ಬುಡ ಸ್ಥಿರವಾಗಿದ್ದರೆ ಇನ್ನೊಂದು, ಎರಡೂ ಬದಲಾಗುತ್ತಿದ್ದರೆ ಲಾಗ್ ತೆಗೆದುಕೊಂಡೇ ಹೋಗಬೇಕು. ಈ ಮೂರನ್ನು ಒಂದೇ ದಿನ, ಒಂದೇ ಬೋರ್ಡಿನಲ್ಲಿ ತೋರಿಸಿ.

ತ್ರಿಕೋನಮಿತಿ ಬಂದಾಗ ರೇಡಿಯನ್ನೇ ಏಕೆ? ಡಿಗ್ರಿ ಇದ್ದರೆ ಏನಾಗುತ್ತದೆ?

ಮಾತಿಗಿಂತ ಕ್ಯಾಲ್ಕುಲೇಟರ್ ಚೆನ್ನಾಗಿ ವಿವರಿಸುತ್ತದೆ. ಡಿಗ್ರಿ ಮೋಡ್‌ನಲ್ಲಿ ಸೈನ್ 0.1 ಅನ್ನು 0.1ರಿಂದ ಭಾಗಿಸಿದರೆ 0.01745 ಬರುತ್ತದೆ, ರೇಡಿಯನ್ ಮೋಡ್‌ನಲ್ಲಿ 0.9983. ಮೊದಲನೆಯದು ಪೈ/180. ಅಂದರೆ ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ ಸೈನ್‌ನ ಡೆರಿವೇಟಿವ್ ಬರೀ ಕಾಸ್ ಆಗದೆ, ಪ್ರತಿಸಲ ಪೈ/180 ಬಾಲ ಹಿಡಿದು ಬರುತ್ತದೆ. ಆ ಬಾಲವನ್ನು ಕತ್ತರಿಸುವ ಏಕೈಕ ಅಳತೆ ರೇಡಿಯನ್.

'ಪೆನ್ನು ಎತ್ತದೆ ಗ್ರಾಫ್ ಎಳೆಯಬಹುದಾದರೆ ಕಂಟಿನ್ಯುಯಸ್' ಎಂದು ಹೇಳಬಹುದೇ?

ಮೊದಲ ಐದು ನಿಮಿಷಕ್ಕೆ ಸಾಕು, ಆಮೇಲೆ ಬಿಟ್ಟುಬಿಡಿ. 1/ಎಕ್ಸ್ ಎಳೆಯುವಾಗ ಸೊನ್ನೆಯ ಬಳಿ ಪೆನ್ನು ಎತ್ತಲೇಬೇಕು. ಆದರೂ ಅದು ತನ್ನ ಡೊಮೇನ್‌ನ ಪ್ರತಿ ಬಿಂದುವಿನಲ್ಲೂ ಕಂಟಿನ್ಯುಯಸ್, ಏಕೆಂದರೆ ಸೊನ್ನೆ ಡೊಮೇನ್‌ನಲ್ಲೇ ಇಲ್ಲ. ಬಿಂದುವಿನ ಬಗ್ಗೆ ಮೂರು ಪ್ರಶ್ನೆ ಕೇಳುವ ರೂಢಿ ಮಾಡಿಸಿ: ಅಲ್ಲಿ ಬೆಲೆ ಇದೆಯೇ, ಎಡ–ಬಲದ ಲಿಮಿಟ್‌ಗಳು ಒಂದೇ ಇವೆಯೇ, ಆ ಲಿಮಿಟ್ ಬೆಲೆಗೆ ಸಮವೇ.

ಡಿವೈ ಬೈ ಡಿಎಕ್ಸ್ ಭಿನ್ನರಾಶಿಯೇ?

ಪಿಯು ಮಟ್ಟದಲ್ಲಿ ಅದು ಭಿನ್ನರಾಶಿಗಳ ಲಿಮಿಟ್, ಸ್ವತಃ ಭಿನ್ನರಾಶಿಯಲ್ಲ. ಚೈನ್ ರೂಲ್‌ನಲ್ಲೂ ಸಬ್‌ಸ್ಟಿಟ್ಯೂಷನ್‌ನಲ್ಲೂ ಭಿನ್ನರಾಶಿಯಂತೆ ನಡೆದುಕೊಳ್ಳುತ್ತದೆ, ಅದಕ್ಕೆ ಕಾರಣಗಳಿವೆ. ಎರಡನೇ ಡೆರಿವೇಟಿವ್‌ನಲ್ಲಿ ಹಾಗೆ ನಡೆದುಕೊಳ್ಳುವುದಿಲ್ಲ. 'ಹಾಗೆ ಬರೆಯುವುದು ಅನುಕೂಲ, ಯಾವಾಗ ಸರಿ ಎಂಬುದಕ್ಕೆ ಪ್ರಮೇಯ ಇದೆ' ಎಂದು ಪ್ರಾಮಾಣಿಕವಾಗಿ ಹೇಳಿದರೆ ಸಾಕು.

ಗರಿಷ್ಠ–ಕನಿಷ್ಠದ ವರ್ಡ್ ಪ್ರಾಬ್ಲಂಗಳನ್ನು ಮಕ್ಕಳು ಬಿಟ್ಟೇಬಿಡುತ್ತಾರೆ. ಏನು ಮಾಡಬೇಕು?

ಅವರು ಬಿಡುವುದು ಡಿಫರೆನ್ಷಿಯೇಷನ್‌ಗೆ ಹೆದರಿ ಅಲ್ಲ, ಮಾತಿನಿಂದ ಸಮೀಕರಣಕ್ಕೆ ಬರುವ ದಾರಿ ಕಾಣದೆ. ಒಂದು ಲೆಕ್ಕವನ್ನು ಕೈಯಿಂದ ಮಾಡಿಸಿ. ಎ4 ಹಾಳೆಗಳು, ಕತ್ತರಿ, ಅಂಟುಪಟ್ಟಿ ಇದ್ದರೆ ಸಾಕು. ಹಾಳೆ 21 × 29.7 ಸೆಂ.ಮೀ. ನಾಲ್ಕು ಮೂಲೆಗಳಲ್ಲಿ ಸಮ ಚೌಕ ಕತ್ತರಿಸಿ, ಅಂಚು ಮಡಿಸಿ, ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಬೇಕು. ಒಂದು ಗುಂಪು 2 ಸೆಂ.ಮೀ. ಚೌಕ ಕತ್ತರಿಸಲಿ, ಇನ್ನೊಂದು 3, ಹೀಗೆ 6ರವರೆಗೆ. ಅಳೆದು ಗುಣಿಸಿದರೆ ಘನಫಲ 873.8, 1066.5, 1128.4, 1083.5, 955.8 ಘನ ಸೆಂ.ಮೀ. ಬರುತ್ತದೆ. ಏರಿ ಇಳಿಯುವುದು ಕಣ್ಣೆದುರೇ ಇದೆ. ರಾಗಿ ತುಂಬಿ, ಅಳತೆಪಾತ್ರೆಗೆ ಸುರಿದು ನೋಡಿದರೆ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಕಾಗದ ಉಬ್ಬುವುದರಿಂದ ರಾಗಿಯ ಅಳತೆ ಸ್ವಲ್ಪ ಹೆಚ್ಚು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡಿ.

ಆಮೇಲೆ ಚೌಕದ ಬದಿಗೆ ಎಕ್ಸ್ ಎಂದು ಹೆಸರಿಡಿ. ಎಕ್ಸ್ ಸೊನ್ನೆಯಿಂದ 10.5ರ ನಡುವೆ ಮಾತ್ರ ಇರಬಹುದು ಎಂಬುದನ್ನು ಮೊದಲು ಬರೆಸಿ. ಕತ್ತರಿ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಘನಫಲ 4ಎಕ್ಸ್³ − 101.4ಎಕ್ಸ್² + 623.7ಎಕ್ಸ್. ಡೆರಿವೇಟಿವ್ ಸೊನ್ನೆ ಮಾಡಿದಾಗ ಎರಡು ಉತ್ತರ: ಸುಮಾರು 4.04 ಮತ್ತು 12.86. ಎರಡನೆಯದು ಹಾಳೆಯ ಅರ್ಧ ಅಗಲಕ್ಕಿಂತ ಹೆಚ್ಚು, ಆದ್ದರಿಂದ ಬಿಡಬೇಕು. ಡೊಮೇನ್ ಬರೆಯದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಗರಿಷ್ಠ ಘನಫಲ 1128.5ರ ಆಸುಪಾಸು. ಇದಾದ ಮೇಲೆ ಪುಸ್ತಕದ 18 ಸೆಂ.ಮೀ. ತಗಡಿನ ಲೆಕ್ಕ ಮನೆಗೆಲಸಕ್ಕೆ ಕೊಡಿ. ಮಿಕ್ಕ ಲೆಕ್ಕಗಳಲ್ಲೂ ಇದೇ ಕ್ರಮ ಇರಲಿ: ಚಿತ್ರ, ಬದಲಾಗುವುದರ ಹೆಸರು, ಅದರ ಮಿತಿ, ಒಂದೆರಡು ಅಂಕಿ ಹಾಕಿ ನೋಡುವುದು, ಆಮೇಲಷ್ಟೇ ಡೆರಿವೇಟಿವ್.

ಇಂಟಿಗ್ರೇಷನ್ ಅನ್ನು ಡಿಫರೆನ್ಷಿಯೇಷನ್‌ನ ವಿರುದ್ಧ ಎಂದು ಪರಿಚಯಿಸಬೇಕೇ, ವಿಸ್ತೀರ್ಣ ಎಂದೇ?

ವಿಸ್ತೀರ್ಣ ಎಂದು. ಎರಡಕ್ಕೂ ನಂಟಿದೆ ಎಂಬುದು ಕ್ಯಾಲ್ಕುಲಸ್‌ನ ಅತಿ ದೊಡ್ಡ ಪ್ರಮೇಯ. ಮೊದಲ ದಿನವೇ 'ಇಂಟಿಗ್ರೇಷನ್ ಎಂದರೆ ಉಲ್ಟಾ ಡಿಫರೆನ್ಷಿಯೇಷನ್' ಎಂದರೆ ಆ ಪ್ರಮೇಯಕ್ಕೆ ಹೇಳಲು ಏನೂ ಉಳಿಯುವುದಿಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಕಡಿತ ಮಾಡಿದಾಗ ಡೆಫಿನಿಟ್ ಇಂಟಿಗ್ರಲ್ ಅನ್ನು ಮೊತ್ತದ ಲಿಮಿಟ್ ಆಗಿ ನೋಡುವ ಭಾಗ ಕೈಬಿಟ್ಟಿತು. ಜೊತೆಗೆ ಮೀನ್ ವ್ಯಾಲ್ಯೂ ಪ್ರಮೇಯ, ಟ್ಯಾಂಜೆಂಟ್–ನಾರ್ಮಲ್, ಎರಡು ವಕ್ರರೇಖೆಗಳ ನಡುವಿನ ವಿಸ್ತೀರ್ಣವೂ ಹೋದವು. ಪರೀಕ್ಷೆಯ ಹೊರೆ ಇಳಿಯಿತು ನಿಜ, ಆದರೆ ಮೊತ್ತದ ಲಿಮಿಟ್ ಹೋದದ್ದು ದೊಡ್ಡ ನಷ್ಟ. ಒಂದು ಪೀರಿಯಡ್ ಕೊಟ್ಟು ನೀವೇ ಅದನ್ನು ತುಂಬಿಕೊಡಿ.

ಎಕ್ಸ್²ದ ಕೆಳಗೆ, ಸೊನ್ನೆಯಿಂದ ಒಂದರವರೆಗಿನ ವಿಸ್ತೀರ್ಣ ಸಾಕು. ಹತ್ತು ಪಟ್ಟಿಗಳಾಗಿ ಸೀಳಿ. ಎಡ ಅಂಚಿನ ಎತ್ತರ ತೆಗೆದುಕೊಂಡರೆ ಮೊತ್ತ 0.285, ಬಲ ಅಂಚಿನದಾದರೆ 0.385. ನಿಜವಾದದ್ದು ಇವೆರಡರ ನಡುವೆ ಇರಲೇಬೇಕು. ನೂರು ಪಟ್ಟಿಗಳಾದರೆ 0.32835 ಮತ್ತು 0.33835. ವರ್ಗಗಳ ಮೊತ್ತದ ಸೂತ್ರ ಹೇಳಿಕೊಟ್ಟರೆ ನೂರನ್ನೂ ಕೂಡಿಸುತ್ತಾ ಕೂರಬೇಕಿಲ್ಲ. ಪಟ್ಟಿಯ ನಡುವಿನ ಎತ್ತರ ಹಿಡಿದರೆ ಹತ್ತೇ ಪಟ್ಟಿಗೆ 0.3325 ಬರುತ್ತದೆ. ಆಮೇಲೆ 1/3 ಎಂಬ ಉತ್ತರ ಸೂತ್ರದಿಂದ ಬಂದಾಗ ಅದಕ್ಕೊಂದು ಬೆಲೆ ಇರುತ್ತದೆ.

ಇಂಟಿಗ್ರೇಷನ್‌ನಲ್ಲಿ ಬರುವ ತಪ್ಪುಗಳಲ್ಲಿ ಎರಡು ನಿಜಕ್ಕೂ ಅಪಾಯಕಾರಿ. ಸೈನ್ ಎಕ್ಸ್ ಅನ್ನು ಸೊನ್ನೆಯಿಂದ 2ಪೈವರೆಗೆ ಇಂಟಿಗ್ರೇಟ್ ಮಾಡಿ ಸೊನ್ನೆ ಪಡೆದು, ವಿಸ್ತೀರ್ಣವೂ ಸೊನ್ನೆ ಎಂದು ಬರೆಯುವುದು ಒಂದು. ವಿಸ್ತೀರ್ಣ 4, ಅಕ್ಷದ ಕೆಳಗಿನ ಭಾಗ ಮೈನಸ್ ಆಗಿ ಮೇಲಿನದನ್ನು ಕಡಿದುಹಾಕಿದೆ ಅಷ್ಟೇ. 1/ಎಕ್ಸ್² ಅನ್ನು −1ರಿಂದ 1ರವರೆಗೆ ಇಂಟಿಗ್ರೇಟ್ ಮಾಡಿ −2 ಎಂದು ಬರೆಯುವುದು ಇನ್ನೊಂದು. ಎಲ್ಲೆಡೆ ಪಾಸಿಟಿವ್ ಆದ ಫಂಕ್ಷನ್‌ಗೆ ನೆಗೆಟಿವ್ ವಿಸ್ತೀರ್ಣ ಬಂದದ್ದು ಹೇಗೆ ಎಂದು ಕೇಳಿ, ಉತ್ತರ ಹುಡುಕಲು ಬಿಡಿ. ಸೊನ್ನೆಯಲ್ಲಿ ಫಂಕ್ಷನ್ ಸಿಡಿದು ಹೋಗಿದೆ, ಪ್ರಮೇಯದ ಷರತ್ತು ಅಲ್ಲಿ ಮುರಿದಿದೆ ಎಂದು ಅವರೇ ಕಂಡುಹಿಡಿಯಬೇಕು. ಕಾನ್‌ಸ್ಟಂಟ್ 'ಸಿ' ಮರೆಯುವುದು ಇವುಗಳ ಮುಂದೆ ಸಣ್ಣ ತಪ್ಪು, ಆದರೂ ನಾವು ಹೆಚ್ಚು ಬೈಯುವುದು ಅದಕ್ಕೇ.

ಗ್ರಾಫ್ ಎಳೆಯುವ ಸಾಫ್ಟ್‌ವೇರ್ ಜಿಯೋಜೀಬ್ರಾ ಬಳಸಬೇಕೇ? ಪ್ರೊಜೆಕ್ಟರ್ ಇಲ್ಲದಿದ್ದರೆ?

ಎರಡು ಕೆಲಸಕ್ಕೆ ಖಂಡಿತ ಬಳಸಿ. ಒಂದು, ಸೆಕೆಂಟ್ ಗೆರೆ ಟ್ಯಾಂಜೆಂಟ್ ಆಗುವುದು. ಎಕ್ಸ್²ದ ಗ್ರಾಫ್ ಎಳೆದು, ಎಚ್‌ಗೆ −2ರಿಂದ 2ರವರೆಗೆ ಸ್ಲೈಡರ್ ಇಡಿ. ಎಕ್ಸ್ 1 ಇರುವಲ್ಲಿ ಒಂದು ಬಿಂದು, 1 + ಎಚ್ ಇರುವಲ್ಲಿ ಇನ್ನೊಂದು, ಎರಡನ್ನೂ ಸೇರಿಸುವ ಗೆರೆ, ಅದರ ಸ್ಲೋಪ್. ಎಚ್ ಕಡಿಮೆ ಮಾಡುತ್ತಾ ಹೋದಂತೆ ಸ್ಲೋಪ್ 2ರ ಹತ್ತಿರ ಬರುತ್ತದೆ. ಎಚ್ ಸರಿಯಾಗಿ ಸೊನ್ನೆ ಆದಾಗ ಗೆರೆ ಪರದೆಯಿಂದ ಮಾಯವಾಗುತ್ತದೆ, ಏಕೆಂದರೆ ಒಂದೇ ಬಿಂದುವಿನಿಂದ ಗೆರೆ ನಿರ್ಧಾರವಾಗುವುದಿಲ್ಲ. ಸಾಫ್ಟ್‌ವೇರ್ ಕೆಟ್ಟಿತು ಎಂದು ಮುಂದೆ ಹೋಗಬೇಡಿ, ಆ ಮಾಯವಾಗುವಿಕೆಯೇ 0/0. ಎರಡು, ಜೂಮ್. ಎಕ್ಸ್²ವನ್ನು ಯಾವ ಬಿಂದುವಿನ ಬಳಿ ಎಷ್ಟು ಹಿಗ್ಗಿಸಿದರೂ ಅದು ನೇರ ಗೆರೆಯಾಗುತ್ತಾ ಹೋಗುತ್ತದೆ. ಮಾಡ್ಯುಲಸ್ ಎಕ್ಸ್‌ನ ಮೂಲೆ ಮಾತ್ರ ಎಷ್ಟು ಹಿಗ್ಗಿಸಿದರೂ ಮೂಲೆಯೇ. ಡಿಫರೆನ್ಷಿಯಬಲ್ ಎಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ಇಲ್ಲ.

ಪ್ರೊಜೆಕ್ಟರ್ ಇಲ್ಲದಿದ್ದರೆ ನಾಲ್ಕು ಮಂದಿಗೆ ಒಂದು ಫೋನ್ ಸಾಕು. ಅದೂ ಇಲ್ಲದಿದ್ದರೆ ಗ್ರಾಫ್ ಹಾಳೆಯಲ್ಲಿ ಎಕ್ಸ್²ವನ್ನು ಮೂರು ಅಳತೆಗಳಲ್ಲಿ ಎಳೆಸಿ: 0ಯಿಂದ 2, 0.9ರಿಂದ 1.1, 0.99ರಿಂದ 1.01. ಮೂರನೆಯದರಲ್ಲಿ ಸ್ಕೇಲ್ ಇಟ್ಟು ಎಳೆದಷ್ಟು ನೇರ ಗೆರೆ ಬರುತ್ತದೆ.

ಎಂಬತ್ತು ಮಂದಿ ಇರುವ ಕ್ಲಾಸು. ಎಲ್ಲರನ್ನೂ ಯೋಚಿಸುವಂತೆ ಮಾಡುವುದು ಹೇಗೆ?

ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿ ನಮ್ಮ ಕ್ಲಾಸುಗಳಿಗೆ ಚೆನ್ನಾಗಿ ಹೊಂದುತ್ತದೆ, ಖರ್ಚೂ ಇಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆ ಹಾಕಿ. ಒಂದು ನಿಮಿಷ ಮೌನವಾಗಿ ಯೋಚಿಸಲಿ. ಎಲ್ಲರೂ ಒಟ್ಟಿಗೆ ಎದೆಯ ಮುಂದೆ ಬೆರಳು ತೋರಿಸಲಿ, ತಲೆಯ ಮೇಲೆತ್ತಿದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಬದಲಾಯಿಸುತ್ತಾರೆ. ಸರಿ ಉತ್ತರ ಕೊಟ್ಟವರು ತೀರಾ ಕಡಿಮೆ ಇದ್ದರೆ ಮತ್ತೆ ಪಾಠ ಮಾಡಿ, ಬಹುತೇಕ ಎಲ್ಲರೂ ಇದ್ದರೆ ಮುಂದೆ ಹೋಗಿ. ನಡುವೆ ಇದ್ದರೆ ಸರಿ ಉತ್ತರ ಹೇಳದೆ, ಬೇರೆ ಉತ್ತರ ಕೊಟ್ಟ ಪಕ್ಕದವರೊಂದಿಗೆ ಎರಡು ನಿಮಿಷ ವಾದ ಮಾಡಲು ಬಿಟ್ಟು ಮತ್ತೆ ಬೆರಳು ಕೇಳಿ.

ಇದಕ್ಕೆ ಒಳ್ಳೆಯ ಪ್ರಶ್ನೆ: ಒಂದು ಬಿಂದುವಿನಲ್ಲಿ ಡೆರಿವೇಟಿವ್ ಸೊನ್ನೆ. ಅಲ್ಲಿ ಗರಿಷ್ಠ ಅಥವಾ ಕನಿಷ್ಠ ಇರಲೇಬೇಕೇ? ಎಕ್ಸ್³ ನೆನಪಾದವರು ಇಲ್ಲ ಎನ್ನುತ್ತಾರೆ, ಉಳಿದವರು ಹೌದು ಎನ್ನುತ್ತಾರೆ, ವಾದ ಕಾವೇರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಇಂಥ ವಾದವನ್ನು ಕನ್ನಡದಲ್ಲೇ ಮಾಡಲಿ, ಬರೆಯುವುದು ಇಂಗ್ಲಿಷ್‌ನಲ್ಲಿದ್ದರೂ ತೊಂದರೆ ಇಲ್ಲ.

ಸಿಇಟಿ, ಜೆಇಇ ಗುರಿ ಇದ್ದವರಿಗೆ ಇಷ್ಟೆಲ್ಲ ಬೇಕೇ? ಶಾರ್ಟ್‌ಕಟ್ ಸಾಲದೇ?

ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡ್. ವೇಗ ಬೇಕು, ಒಪ್ಪೋಣ. ಆದರೆ ಶಾರ್ಟ್‌ಕಟ್ ಮೊದಲು ಬಂದರೆ ಅರ್ಥ ಒಳಗೆ ಬರಲು ಜಾಗವಿರುವುದಿಲ್ಲ. ಲೋಪಿತಾಲ್ ನಿಯಮವನ್ನೇ ನೋಡಿ: 0/0 ಬಂದಾಗ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಡಿಫರೆನ್ಷಿಯೇಟ್ ಮಾಡಿ ಲಿಮಿಟ್ ತೆಗೆಯುವುದು. ಪ್ರಥಮ ಪಿಯುಸಿಯಲ್ಲೇ ಅದನ್ನು ಕಲಿಸಿ ಸೈನ್ ಎಕ್ಸ್ ಬೈ ಎಕ್ಸ್‌ನ ಲಿಮಿಟ್ ತೆಗೆಸುತ್ತಾರೆ. ಸೈನ್‌ನ ಡೆರಿವೇಟಿವ್ ಕಾಸ್ ಎಂದು ಸಾಧಿಸಲು ಅದೇ ಲಿಮಿಟ್ ಬೇಕು. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಂತಾಯಿತು. ಅದಕ್ಕಿಂತ ಕೆಟ್ಟದ್ದು, 0/0 ಅಲ್ಲದ ಕಡೆಯೂ ಮಕ್ಕಳು ಅದನ್ನು ಹಚ್ಚುತ್ತಾರೆ. ಎಕ್ಸ್ ಸೊನ್ನೆಗೆ ಹೋಗುವಾಗ (ಎಕ್ಸ್ + 1)/(ಎಕ್ಸ್ + 2) ಕೇಳಿ ನೋಡಿ. ಉತ್ತರ 1/2. ಮೇಲೆ ಕೆಳಗೆ ಡಿಫರೆನ್ಷಿಯೇಟ್ ಮಾಡಿದವರು 1 ಎನ್ನುತ್ತಾರೆ. ದ್ವಿತೀಯ ಪಿಯುಸಿಯ ಡೆರಿವೇಟಿವ್ ಮುಗಿದ ಮೇಲೆ ಷರತ್ತಿನೊಂದಿಗೆ ಕಲಿಸಿ.

ಎಪ್ಸಿಲಾನ್–ಡೆಲ್ಟಾ ಎಲ್ಲಿ, ಹೇಗೆ?

ಲಿಮಿಟ್‌ನ ಈ ನಿಖರ ವ್ಯಾಖ್ಯೆ ಪಿಯುಸಿಯಲ್ಲಿ ಬೇಡ. ಬಿಎಸ್ಸಿಯಲ್ಲಿ ಸವಾಲು–ಜವಾಬು ರೂಪದಲ್ಲಿ ಶುರು ಮಾಡಿ. ಫಂಕ್ಷನ್ 3ಎಕ್ಸ್ + 1, ಎಕ್ಸ್ 2ಕ್ಕೆ ಹೋದಾಗ ಲಿಮಿಟ್ 7. 'ಉತ್ತರ 7ರಿಂದ 0.3ರೊಳಗೆ ಇರಬೇಕು' ಎಂದು ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು 'ಎಕ್ಸ್ ಅನ್ನು 2ರಿಂದ 0.1ರೊಳಗೆ ಇಡು' ಎನ್ನುತ್ತಾರೆ. 0.03ಕ್ಕೆ 0.01. ಸವಾಲಿನ ಅಂತರ ಎಪ್ಸಿಲಾನ್, ಜವಾಬಿನದು ಡೆಲ್ಟಾ. ಯಾವ ಎಪ್ಸಿಲಾನ್ ಕೊಟ್ಟರೂ ಅದರ ಮೂರನೇ ಒಂದು ಭಾಗ ಸಾಕು. ಸವಾಲು ಮೊದಲು, ಜವಾಬು ಆಮೇಲೆ ಎಂಬ ಕ್ರಮ ಕೂತರೆ ಅರ್ಧ ಯುದ್ಧ ಗೆದ್ದಂತೆ. ಹೆಚ್ಚಿನ ತಪ್ಪು ಪ್ರೂಫ್‌ಗಳು ಡೆಲ್ಟಾ ಮೊದಲು ಹಿಡಿದು ಶುರುವಾಗುತ್ತವೆ.

ಆಮೇಲೆ ಎಕ್ಸ್², 3ರ ಬಳಿ. ಅಂತರ (ಎಕ್ಸ್ − 3) ಮತ್ತು (ಎಕ್ಸ್ + 3)ರ ಗುಣಲಬ್ಧ. ಎಕ್ಸ್ ಅನ್ನು 3ರಿಂದ 1ರೊಳಗೆ ಕಟ್ಟಿಹಾಕಿದರೆ ಎಕ್ಸ್ + 3 ಎಂಬುದು 7ನ್ನು ಮೀರದು, ಆದ್ದರಿಂದ ಡೆಲ್ಟಾ 1 ಮತ್ತು ಎಪ್ಸಿಲಾನ್/7ರಲ್ಲಿ ಚಿಕ್ಕದು. 'ಆ 1 ಎಲ್ಲಿಂದ ಬಂತು?' ಎಂದು ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1ರ ಬದಲು 1/2 ಹಿಡಿದು 7ರ ಜಾಗದಲ್ಲಿ 6.5 ಬರುವುದನ್ನು ಮಾಡಿ ತೋರಿಸಿ. ಆ ಸಂಖ್ಯೆ ನಮ್ಮ ಆಯ್ಕೆ, ಗುಟ್ಟೇನೂ ಇಲ್ಲ ಎಂದು ಆಗ ಅರ್ಥವಾಗುತ್ತದೆ.

ಅಮೆರಿಕದಲ್ಲಿ ನಡೆದ ಕ್ಯಾಲ್ಕುಲಸ್ ಸುಧಾರಣೆಯಿಂದ ನಮಗೆ ಕಲಿಯುವುದೇನಾದರೂ ಇದೆಯೇ?

ಇದೆ, ಎಚ್ಚರಿಕೆಯೂ ಇದೆ. 1986ರ ಜನವರಿಯಲ್ಲಿ ಟುಲೇನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಭೆಯಿಂದ ಆ ಚಳವಳಿಗೆ ಚಾಲನೆ ಸಿಕ್ಕಿತು. ಪ್ರತಿ ವಿಷಯವನ್ನೂ ಅಂಕಿ, ಗ್ರಾಫ್, ಸೂತ್ರ ಮೂರರಲ್ಲೂ ತೋರಿಸಬೇಕು ಎಂಬುದು ಅದರಿಂದ ಬಂದ ಗಟ್ಟಿ ತತ್ವ; ಮುಂದೆ ಮಾತಿನಲ್ಲಿ ವಿವರಿಸುವುದೂ ಸೇರಿ ನಾಲ್ಕಾಯಿತು. ಕೈಲೆಕ್ಕದ ಅಭ್ಯಾಸ ಸಡಿಲವಾಯಿತು ಎಂದು ಅನೇಕ ಗಣಿತಜ್ಞರು ಅದನ್ನು ಟೀಕಿಸಿದರು. ನಮ್ಮ ಸ್ಥಿತಿ ತದ್ವಿರುದ್ಧ: ಇಲ್ಲಿ ಅಭ್ಯಾಸ ಬೇಕಾದಷ್ಟಿದೆ, ಮಿಕ್ಕ ಮೂರು ಇಲ್ಲ. ಹಾಗಾಗಿ ಒಂದೇ ಮಾದರಿಯ ಇಪ್ಪತ್ತು ಲೆಕ್ಕಗಳಲ್ಲಿ ಎಂಟನ್ನು ತೆಗೆದು ಆ ಸಮಯವನ್ನು ಇವಕ್ಕೆ ಕೊಡಿ, ಇಪ್ಪತ್ತನ್ನೂ ತೆಗೆಯಬೇಡಿ.

ಮಾಧವ, ಭಾಸ್ಕರಾಚಾರ್ಯರನ್ನು ಪಾಠದಲ್ಲಿ ತರಬಹುದೇ?

ಹೆಮ್ಮೆಯ ಒಂದು ಸಾಲಾಗಿ ಬೇಡ, ಲೆಕ್ಕವಾಗಿ ತನ್ನಿ. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿ, ಅಂದರೆ ಆ ಕ್ಷಣದ ವೇಗ, ಲೆಕ್ಕ ಹಾಕುತ್ತಾರೆ. ಕೇರಳದ ಸಂಗಮಗ್ರಾಮದ ಮಾಧವ ಪರಂಪರೆಯ ಶ್ರೇಣಿ ಕ್ಲಾಸಿಗೆ ಇನ್ನೂ ಚೆನ್ನ: 1 − 1/3 + 1/5 − 1/7 ... ಎಂದು ಹೋಗಿ ಪೈ/4 ಮುಟ್ಟುತ್ತದೆ. ಹತ್ತು ಪದ ಕೂಡಿಸಿ 4ರಿಂದ ಗುಣಿಸಿದರೆ 3.0418 ಮಾತ್ರ, ತೀರಾ ನಿಧಾನ. ಆ ಪರಂಪರೆಯ ಅತಿ ಸರಳ ತಿದ್ದುಪಡಿಯಂತೆ ಪದಗಳ ಸಂಖ್ಯೆಯ ವಿಲೋಮ, ಇಲ್ಲಿ 0.1, ಸೇರಿಸಿ. 3.1418 ಬರುತ್ತದೆ. ಉಳಿದ ಬಾಲ ಎಷ್ಟಿರಬಹುದು ಎಂದು ಅಂದಾಜು ಮಾಡಿದ ಆ ಜಾಣ್ಮೆ ಮಕ್ಕಳಿಗೆ ಅಂಕಿಯಲ್ಲೇ ಕಾಣುತ್ತದೆ.

ಮಕ್ಕಳಿಗೆ ಅರ್ಥವಾಗಿದೆಯೇ ಎಂದು ಪರೀಕ್ಷಿಸುವ ಪ್ರಶ್ನೆಗಳು ಹೇಗಿರಬೇಕು?

ದ್ವಿತೀಯ ಪಿಯುಸಿ ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತರಲ್ಲಿ ನಿಮಗೆ ಸ್ವಾತಂತ್ರ್ಯ ಇದೆ, ಅದನ್ನು ಮತ್ತೊಂದು ಸೂತ್ರದ ಪರೀಕ್ಷೆಗೆ ಖರ್ಚು ಮಾಡಬೇಡಿ. ಒಂದು ಫಂಕ್ಷನ್‌ನ ಗ್ರಾಫ್ ಮಾತ್ರ ಕೊಟ್ಟು, ಸೂತ್ರ ಕೊಡದೆ, ಅದರ ಡೆರಿವೇಟಿವ್‌ನ ಗ್ರಾಫ್ ಎಳೆಸಿ. ಮೂಲ ಗ್ರಾಫನ್ನೇ ಮತ್ತೆ ಎಳೆದು ತುಸು ಮೇಲೆ ಕೆಳಗೆ ಸರಿಸುವವರು ಎಷ್ಟು ಮಂದಿ ಎಂದು ನಿಮಗೇ ತಿಳಿಯುತ್ತದೆ. ಸೂತ್ರವಿಲ್ಲದ ಕೋಷ್ಟಕ ಕೊಡಿ: ಬಸ್ಸು 0, 2, 4, 6ನೇ ನಿಮಿಷಗಳಲ್ಲಿ ಇದ್ದ ದೂರ 0, 0.8, 2.4, 3.6 ಕಿ.ಮೀ.; ನಾಲ್ಕನೇ ನಿಮಿಷದ ವೇಗ ಅಂದಾಜು ಮಾಡಿ. ಹಿಂದಿನ ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ 0.8, ಮುಂದಿನದು ಹಿಡಿದರೆ 0.6, ಎರಡೂ ಬದಿ ಹಿಡಿದರೆ 0.7 ಕಿ.ಮೀ. ಕಾರಣ ಬರೆದಿದ್ದರೆ ಮೂರಕ್ಕೂ ಅಂಕ ಕೊಡಿ, 0.7 ಏಕೆ ಮೇಲು ಎಂದು ಬರೆದವರಿಗೆ ಒಂದು ಹೆಚ್ಚು ಕೊಡಿ. ಬೇರೊಬ್ಬರು ಬಿಡಿಸಿದ ತಪ್ಪು ಲೆಕ್ಕ ಕೊಟ್ಟು ತಪ್ಪು ಯಾವ ಸಾಲಿನಲ್ಲಿದೆ, ಏಕೆ ಎಂದು ಕೇಳುವುದೂ ಒಳ್ಳೆಯ ಪ್ರಶ್ನೆ. 1/ಎಕ್ಸ್²ದ ಆ −2 ಇದಕ್ಕೆ ಸರಿಯಾಗಿ ಹೊಂದುತ್ತದೆ. ಇಂಥ ಉತ್ತರಪತ್ರಿಕೆ ತಿದ್ದಲು ಸಮಯ ಹಿಡಿಯುತ್ತದೆ, ಆದ್ದರಿಂದ ಒಂದು ಸಲಕ್ಕೆ ಎರಡೇ ಪ್ರಶ್ನೆ ಕೊಡಿ, ಉತ್ತರಕ್ಕೆ ಅರ್ಧ ಪುಟದ ಮಿತಿ ಹಾಕಿ.